ಹೊಳಗುಂದಕ್ಕೆ ತೊಂದರೆ ಇಲ್ಲ

7 ಫೆಬ್ರವರಿ 1954, ಭಾನುವಾರ

ಇವತ್ತಿನಿಂದ ನಾನು ಕಾರ್ಯದರ್ಶಿ. ಬರೆದು ನೋಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ: ಭೀಮಲಿಂಗಪ್ಪ, ಕಾರ್ಯದರ್ಶಿ, ಹೊಳಗುಂದ ವೇಗದ ಬಸ್ಸಿನ ಸಮಿತಿ. ಹತ್ತಿ ವ್ಯಾಪಾರದ ಆದೆಪ್ಪನವರು ಅಧ್ಯಕ್ಷರು. ಸಭೆಯಲ್ಲಿ ಕೂತರೆ ಅವರಿಗೆ ನಿದ್ದೆ ಬರುತ್ತದೆ. ಆದ್ದರಿಂದ ಎಚ್ಚರವಾಗಿರಲು ಒಬ್ಬ ಬೇಕಿತ್ತು, ಆ ಒಬ್ಬನಿಗೆ ಬೇರೆ ಕೆಲಸ ಕಡಿಮೆ ಇರಬೇಕಿತ್ತು. ಎಲ್ಲರೂ ಒಟ್ಟಿಗೆ ಕನ್ನಡ ಶಾಲೆಯ ಮಾಸ್ತರನ ಕಡೆ ತಿರುಗಿದರು. ನಾನು ಒಂದು ಸಲ ಬೇಡ ಎಂದೆ. ಎರಡನೆಯ ಸಲ ಅನ್ನುವಷ್ಟರಲ್ಲಿ ಎಲ್ಲಿ ಒಪ್ಪಿಬಿಡುತ್ತಾರೋ ಎಂದು ಸುಮ್ಮನಾದೆ.

ಸಂಗತಿ ಇಷ್ಟು. ಹೊಸ ಆಂಧ್ರ ರಾಜ್ಯದವರು ಊರಿಂದೂರಿಗೆ ವೇಗದ ಬಸ್ಸು ಓಡಿಸಲು ಹಣ ತೆಗೆದಿಟ್ಟಿದ್ದಾರೆ. ದಾರಿಯ ಗುಂಡಿ ಮುಚ್ಚಿ, ಹಳ್ಳಗಳಿಗೆ ಕಲ್ಲು ಹಾಸಿ, ಮರಮರಕ್ಕೂ ನಿಂತು ಕುರಿ ಕೋಳಿ ಹತ್ತಿಸಿಕೊಳ್ಳದ ಬಸ್ಸು. ದೊಡ್ಡ ಊರುಗಳ ನಡುವೆ ಅಂಥವು ಈಗಾಗಲೇ ಓಡಾಡುತ್ತಿವೆಯಂತೆ. ನಮ್ಮ ಪಶ್ಚಿಮ ಸೀಮೆಗೆ ಈ ವರ್ಷ ಒಂದೇ ದಾರಿ. ಯಾವುದು ಎಂಬುದನ್ನು ಅಧಿಕಾರಿಗಳು ಆದವಾನಿಗೆ ಬಂದು ಎಲ್ಲರನ್ನೂ ಕೇಳಿ ನಿರ್ಧರಿಸುತ್ತಾರೆ.

ನಾನು ಎದ್ದು ನಿಂತು ಮಾತಾಡಿದೆ. ನಮ್ಮ ಹತ್ತಿ ಇಲ್ಲದಿದ್ದರೆ ಆದವಾನಿಯ ಜಿನ್ನಿಂಗ್ ಯಂತ್ರಗಳು ತಿರುಗುವುದಿಲ್ಲ, ಆದರೆ ಮಳೆ ಬಿತ್ತೆಂದರೆ ಹೊಳಗುಂದದಿಂದ ಆದವಾನಿಗೆ ಹತ್ತಿಯೂ ಹೋಗುವುದಿಲ್ಲ, ಬೆಳೆದವನೂ ಹೋಗುವುದಿಲ್ಲ, ಎರೆ ಮಣ್ಣು ಬಂಡಿಯ ಗಾಲಿಯನ್ನು ಅಚ್ಚಿನ ತನಕ ನುಂಗುತ್ತದೆ, ಇದು ಯಾವ ನ್ಯಾಯ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಹನುಮಣ್ಣನೊಬ್ಬ ತಟ್ಟಲಿಲ್ಲ. ಅವನು ಬಾಡಿಗೆ ಬಂಡಿ ಹೊಡೆಯುವವನು, ಬಸ್ಸು ಬಂದರೆ ಅವನ ಎತ್ತುಗಳಿಗೆ ಕೆಲಸವಿಲ್ಲ. ಸಭೆಗೆ ಬಂದದ್ದು ಒಗ್ಗಾಣಿ ಬಜ್ಜಿಗಾಗಿ.

ಬಸ್ಸು ಬಂದರೆ ಊರ ಮುಂದೆ ಒಂದು ಕಲ್ಲು ನಿಲ್ಲಿಸುತ್ತಾರೆ. ಕಲ್ಲಿನ ಮೇಲೆ ಹೆಸರುಗಳಿರುತ್ತವೆ. ಇದನ್ನು ನಾನು ಯಾರ ಮುಂದೂ ಆಡಿಲ್ಲ.

10 ಫೆಬ್ರವರಿ, ಬುಧವಾರ

ನನ್ನ ಹೆಂಡತಿ ಊರಿಗೆಲ್ಲ ಶಾಂತಕ್ಕ, ಹಾಗಾಗಿ ನನಗೂ ಶಾಂತಕ್ಕ. ಕಾರ್ಯದರ್ಶಿ ಆದೆ ಎಂದು ಹೇಳಿದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕಲ್ಲಿನ ವಿಷಯ ಹೇಳಲಿಲ್ಲ, ಹೇಳಿದ್ದರೂ ನಿಲ್ಲಿಸುತ್ತಿರಲಿಲ್ಲ.

“ಗಾದಿ ಐದನೇತ್ತ ಮುಗಸ್ತಾಳ. ಮುಂದ ಏನ್ರಿ?” ಎಂದಳು.

ಗಾದಿಲಿಂಗಮ್ಮ ನಮ್ಮ ಒಬ್ಬಳೇ ಮಗಳು. ಮುಂದಿನ ಓದಿಗೆ ಹೈಸ್ಕೂಲು ಇರುವುದು ಆದವಾನಿಯಲ್ಲಿ. ನನ್ನ ಚಿಕ್ಕಪ್ಪನ ಮಗಳು ಹುಲುಗಮ್ಮ ಅಲ್ಲಿ ಸ್ಟೇಷನ್ನಿನ ಹತ್ತಿರ ಇದ್ದಾಳೆ, ಹುಡುಗಿಯನ್ನು ಇಟ್ಟುಕೊಳ್ಳುತ್ತೇನೆ ಎಂದಿದ್ದಾಳೆ.

“ಕಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ವಾರಕ್ಕೊಮ್ಮಿ ಮಗಳ ಮುಖ ನಾ ಕಾಣಬೇಕು. ಮಳಿಗಾಲದಾಗ ನಾಕು ತಿಂಗಳು ಆಕಿ ಅಲ್ಲಿ, ನಾ ಇಲ್ಲಿ ಅಂದ್ರ ಆಗಂಗಿಲ್ಲ. ಹಂಗಾದ್ರ ಓದು ಇಲ್ಲಿಗೇ ಸಾಕು.”

“ಅದಕ್ಕೇ ಅಲ್ಲೇನು ಬಸ್ಸು” ಎಂದೆ. ನಿಜ ಹೇಳಬೇಕೆಂದರೆ ಅದು ಅಲ್ಲಿಯ ತನಕ ನನ್ನ ತಲೆಗೆ ಬಂದಿರಲಿಲ್ಲ. ಆದರೆ ಭಾಷಣಕ್ಕೆ ಒಳ್ಳೆಯ ಅಂಶ ಸಿಕ್ಕಿತು.

19 ಫೆಬ್ರವರಿ, ಶುಕ್ರವಾರ

ಸುದ್ದಿ ಬಂತು. ನಮಗೆ ಎದುರಾಗಿ ಮದ್ದಿಕೇರದವರೂ ಸಮಿತಿ ಕಟ್ಟಿದ್ದಾರೆ. ಮದ್ದಿಕೇರದಿಂದ ಆಲೂರಿನ ಮೇಲೆ ಆದವಾನಿಗೆ ಬಸ್ಸು ಕೇಳುತ್ತಾರಂತೆ. ಅದರ ಮುಂದಾಳು ಯಾರು? ಶಾಂತಕ್ಕನ ತಮ್ಮ ಉಚ್ಚೀರಪ್ಪ. ಮದುವೆಯಲ್ಲಿ ನನ್ನ ಚಪ್ಪಲಿ ಬಚ್ಚಿಟ್ಟವನು ಈಗ ಬಸ್ಸನ್ನೇ ಬಚ್ಚಿಡಲು ಹೊರಟಿದ್ದಾನೆ.

ವಿಚಾರಣೆಯ ಮಾತು ತೆಲುಗಿನಲ್ಲಿ ನಡೆಯುತ್ತದೆ. ಬರುವ ಅಧಿಕಾರಿ ಕರಾವಳಿ ಕಡೆಯವರು, ಕನ್ನಡ ಒಂದಕ್ಷರ ಬಾರದು. ನನ್ನ ಇಂಗ್ಲಿಷು ಇನ್‌ಸ್ಪೆಕ್ಟರು ಬಂದ ದಿನ ‘ಸ್ಟ್ಯಾಂಡ್’, ‘ಸಿಟ್’ ಎಂದು ಮಕ್ಕಳಿಗೆ ಹೇಳುವಷ್ಟಕ್ಕೆ ಸಾಕು. ನಾನು ಕೂಡ್ಲಿಗಿ ಕಡೆಯವನು. ಇಲ್ಲಿಗೆ ಬಂದಾಗ ಇದೆಲ್ಲ ಬಳ್ಳಾರಿ ಜಿಲ್ಲೆ. ಕಳೆದ ಅಕ್ಟೋಬರಿನಲ್ಲಿ ಮಲಗಿದವನು ಮಲಗಿದಲ್ಲೇ ಆಂಧ್ರದವನಾದೆ. ಹುಟ್ಟಿದ ಊರು ಮೈಸೂರಿಗೆ ಹೋಯಿತು, ನಾನು ಇಲ್ಲೇ ಉಳಿದೆ. ಊರಿನವರೆಲ್ಲ ಎರಡು ಭಾಷೆಯನ್ನು ಒಂದೇ ಬಾಯಲ್ಲಿ ಆಡುತ್ತಾರೆ. ನಾನು ಮಾತ್ರ ಕನ್ನಡ ಪಂಡಿತನೆಂದು ಬಿಗಿದುಕೊಂಡು, ‘ಈ ಹೊಸ್ತಿಲೊಳಗೆ ಕನ್ನಡವೇ’ ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ.

ಆದರೂ ತೆಲುಗು ಏನು ಮಹಾ? ನನ್ನದೇ ಒಂದು ಸಿದ್ಧಾಂತ ಇದೆ. ಕನ್ನಡ ಶಬ್ದದ ತಲೆಯ ‘ಹ’ವನ್ನು ‘ಪ’ ಮಾಡಿ, ಬಾಲ ಕತ್ತರಿಸಿ ‘ಉ’ ಇಲ್ಲವೇ ‘ಅಂ’ ಅಂಟಿಸಿದರೆ ತೆಲುಗು. ಹಾಲು ಪಾಲು, ಹುಲಿ ಪುಲಿ. ಅಕ್ಕತಂಗಿಯರ ಮನೆ, ಗೋಡೆ ಒಂದೇ. ಒಂದು ವಾರ ಸಾಕು.

26 ಫೆಬ್ರವರಿ, ಶುಕ್ರವಾರ

ನಾಳೆ ಆದವಾನಿಯಲ್ಲಿ ವಿಚಾರಣೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ದಾರಿ ಅಗಲ ಮಾಡಲು ಹೊಲದ ಅಂಚು ಬಿಡುತ್ತೀರಾ ಎಂದು ಖಂಡಿತ ಕೇಳುತ್ತಾರೆ. ಅದಕ್ಕೆ ಉತ್ತರ: “ಮಾಕು ಏಮೀ ತೊಂದರ ಲೇದು ಸಾರ್.” ನಮಗೆ ಏನೂ ತೊಂದರೆ ಇಲ್ಲ. ಕೈ ಹೀಗೆ ಚಾಚಬೇಕು, ತುಸು ನಗಬೇಕು.

ಗಾದಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಕ್ಕಳು. ತಂದೆಯ ಮೇಲಿನ ಅಭಿಮಾನ. “ಅಪ್ಪಾ, ತೊಂದರ ಅಂದ್ರ ತೆಲುಗಿನ್ಯಾಗ...” ಎಂದು ಏನೋ ತೆಗೆದಳು. ಮನೆಯೊಳಗೆ ತೆಲುಗಿನ ಮಾತು ಬೇಡ, ಹೋಗಿ ಕಾಗುಣಿತ ಬರೆ ಎಂದೆ. ಬೀದಿಯಲ್ಲಿ ಮಕ್ಕಳ ಜೊತೆ ಆಡಿ ಆಡಿ ಕಲಿತ ತೆಲುಗು ಅದು, ಅಧಿಕಾರಿಗಳ ಮುಂದೆ ನಡೆಯುವುದಿಲ್ಲ.

27 ಫೆಬ್ರವರಿ, ಶನಿವಾರ

ಗೆದ್ದೆವು. ಇನ್ನು ಹುಕುಂ ಬರುವುದೊಂದು ಬಾಕಿ.

ಆದೆಪ್ಪನವರು ಆದವಾನಿಯ ತನಕ ಬಂದು, ಹತ್ತಿ ಮಾರುಕಟ್ಟೆ ಕಂಡೊಡನೆ “ಹಿಂಗ ಹೋಗಿ ಹಂಗ ಬರ್ತೀನಿ” ಎಂದು ಹೋದವರು ಬರಲೇ ಇಲ್ಲ. ಆದ್ದರಿಂದ ವಿಚಾರಣೆ ನಡೆದ ಸರಕಾರಿ ಬಂಗಲೆಯೊಳಗೆ ಹೊಳಗುಂದವೆಂದರೆ ನಾನು, ಹಿಂದೆ ಗೋಡೆಗೆ ಒರಗಿ ನಿಂತ ಹನುಮಣ್ಣ. ಬಂಡಿ ಅವನದೇ ಆದ್ದರಿಂದ ಬಂದಿದ್ದ.

ಮೊದಲು ಮದ್ದಿಕೇರದವರನ್ನು ಕರೆದರು. ಉಚ್ಚೀರಪ್ಪ ಎದ್ದು ಕೈಮುಗಿದು, “ಮಾಕು ಚಾಲಾ ತೊಂದರ ಸಾರ್. ವಾನಲು ರಾಕಮುಂದೇ ಕಾವಾಲ” ಎಂದ. ನನಗೆ ಪಾಪ ಎನಿಸಿತು. ನಮಗೆ ಬಹಳ ತೊಂದರೆ ಇದೆ, ಮಳೆ ಬರುತ್ತದೆ ಎಂದು ತಾನೇ ತನ್ನ ಬಾಯಿಂದ ಹೇಳಿಕೊಂಡ. ತೊಂದರೆ ಇರುವ ಕಡೆ ಸರಕಾರ ಹಣ ಹಾಕುತ್ತದೆಯೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೆಂಡತಿಯ ತಮ್ಮ, ಎಷ್ಟಾದರೂ ಒಳ್ಳೆಯ ಹುಡುಗ, ಆದರೆ ಲೋಕಜ್ಞಾನ ಸಾಲದು.

ಆಮೇಲೆ ನಾನು. ಹತ್ತಿ, ಎರೆ ಮಣ್ಣು, ನ್ಯಾಯ, ಎಲ್ಲ ಹೇಳಿದೆ. ಅಧಿಕಾರಿ ಗಂಭೀರವಾಗಿ ಕೇಳಿದರು. ಹೊಲದ ಅಂಚು ಹೋಗುತ್ತದೆ, ಏನಾದರೂ ಇಬ್ಬಂದಿಯೇ ಎಂದು ನಾನು ಎಣಿಸಿದಂತೆಯೇ ಕೇಳಿದರು. ಕೈ ಚಾಚಿದೆ, ತುಸು ನಕ್ಕೆ. “ಮಾಕು ಏಮೀ ತೊಂದರ ಲೇದು ಸಾರ್. ಅಸಲೇ ತೊಂದರ ಲೇದು.”

ಅವರು ತಲೆ ಎತ್ತಿ ನೋಡಿದರು. ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. “ವಚ್ಚೇ ಏಡಾದಿಕೈನಾ ಪರವಾಲೇದಾ?” ಎಂದು ಕೇಳಿದರು. ಪರವಾಲೇದಾ ಅಂದರೆ ಪರವಾಗಿಲ್ಲವೇ. ಏಡಾದಿ ಅನ್ನುವುದು ಹೊಲದ ಎಡಗಡೆಯ ಅಂಚು ಇರಬೇಕು. ಎಡವಾದರೇನು, ಬಲವಾದರೇನು? “ಪರವಾಲೇದು ಸಾರ್, ಪರವಾಲೇದು” ಎಂದೆ. “ಚಾಲಾ ಮಂಚಿದಿ”, ಬಹಳ ಒಳ್ಳೆಯದು, ಎಂದು ಅವರು ಕೈಮುಗಿದರು. ಅಷ್ಟು ದೊಡ್ಡವರು ನನಗೆ ಕೈಮುಗಿದರು. ಉಚ್ಚೀರಪ್ಪ ನನ್ನನ್ನು ಕಣ್ಣರಳಿಸಿ ನೋಡಿದ.

ಹನುಮಣ್ಣನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ಬಂಗಲೆಯ ಧೂಳು.

14 ಮಾರ್ಚ್, ಭಾನುವಾರ

ಇನ್ನೂ ಹುಕುಂ ಬಂದಿಲ್ಲ. ಹೊಸ ರಾಜಧಾನಿ ಕರ್ನೂಲಿನಲ್ಲಿ ಕಚೇರಿಗಳೇ ಡೇರೆಗಳಲ್ಲಿ ಇವೆಯಂತೆ, ತಡವಾಗುವುದು ಸಹಜ. ಊರಿನಲ್ಲಿ ಎಲ್ಲಿ ಹೋದರೂ ಅಧಿಕಾರಿ ಕೈಮುಗಿದ ಕಥೆ ಕೇಳುತ್ತಾರೆ. ಎಲ್ಲರೂ ಕೇಳಿ ಮುಗಿಸಿದ ಮೇಲೆ ನಾನೇ ಕೆಲವರನ್ನು ಹುಡುಕಿಕೊಂಡು ಹೋಗಿ ಹೇಳಿದೆ.

ಗಾದಿ ಅಟ್ಟದಿಂದ ತಗಡಿನ ಟ್ರಂಕು ಇಳಿಸಿ ಒರೆಸಿದ್ದಾಳೆ. ಒಳಗೆ ಏನೂ ಇಲ್ಲ, ಒಂದು ಸ್ಲೇಟು ಮತ್ತು ಬೇವಿನ ಎಲೆ. “ಜಿರಳಿ ಬರಬಾರದು ಅಂತ” ಎಂದಳು. ಜೂನ್ ಬರಲಿಕ್ಕೆ ಇನ್ನೂ ಬಹಳ ದಿನ ಇದೆಯಲ್ಲೇ ಎಂದರೆ, “ಬಸ್ಸು ಬಂದೇ ಬರ್ತೈತಲ್ಲ, ನೀನೇ ಅಂದಿ” ಎಂದಳು. ಹೌದು, ನಾನೇ ಅಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಬುದ್ಧಿ ಅವಳಿಗೆ ಎಲ್ಲಿಂದ ಬಂತು ಎಂದು ಯೋಚಿಸಬೇಕಾಗಿಲ್ಲ.

4 ಏಪ್ರಿಲ್, ಭಾನುವಾರ, ಯುಗಾದಿ

ಬೇವು ಹೆಚ್ಚು, ಬೆಲ್ಲ ಕಡಿಮೆ. ಹುಕುಂ ಇಲ್ಲ.

16 ಏಪ್ರಿಲ್, ಶುಕ್ರವಾರ

ಮದ್ದಿಕೇರಕ್ಕೆ ಕೊಟ್ಟರು.

17 ಏಪ್ರಿಲ್, ಶನಿವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತು ಬರೆದರೆ ಬರೀ ಬೈಗುಳ ಬರುತ್ತದೆ, ಆದರೂ ಬರೆಯುತ್ತೇನೆ. ಇದು ನ್ಯಾಯವೇ? ತೊಂದರೆ ಇದೆ ಎಂದವರಿಗೆ ಕೊಟ್ಟರು, ಇಲ್ಲ ಎಂದವರಿಗೆ ಬಿಟ್ಟರು. ನಾನು ಕಂಡ ಸರಕಾರಗಳಲ್ಲೇ ಇಷ್ಟು ವಿಚಿತ್ರವಾದದ್ದು ಇಲ್ಲ. ನಾನು ಕಂಡದ್ದು ಎರಡೇ ಇರಬಹುದು, ಇರಲಿ.

ಊರಿನ ಮಾತು ಬೇರೆ. ಅರಳಿಕಟ್ಟೆಯ ಹತ್ತಿರ ಯಾರೋ ಅಂದರು: “ಮಾಸ್ತರು ಹೆಂಡ್ತಿ ತವರಿಗೆ ಬಸ್ಸು ಉಡುಗೊರಿ ಕೊಟ್ಟಾರ.” ಆದೆಪ್ಪನವರು ನನ್ನ ಜೊತೆ ಮಾತಾಡಲಿಲ್ಲ. ಮಾತಾಡದೆ ಇರಲು ಅವರು ಇಡೀ ಹೊತ್ತು ಎಚ್ಚರವಾಗಿದ್ದರು, ಇದು ಮೊದಲ ಸಲ.

ಗಾದಿಯ ಟ್ರಂಕು ಅಟ್ಟಕ್ಕೆ ಹೋಗಿಲ್ಲ, ಮೂಲೆಯಲ್ಲೇ ಇದೆ. ಅದರ ಮೇಲೆ ಯಾರೋ ಜೋಳದ ಮೊರ ಇಟ್ಟಿದ್ದಾರೆ. ನಾನು ಮೊರ ತೆಗೆದು ಬೇರೆ ಕಡೆ ಇಟ್ಟೆ.

2 ಮೇ, ಭಾನುವಾರ

ಶಾಂತಕ್ಕ ಗಾದಿಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದಾಳೆ. ರೊಟ್ಟಿ ಕಲಿಯುವುದು ತಪ್ಪಲ್ಲ. ಆದರೆ ಇಬ್ಬರೂ ಮಾತಿಲ್ಲದೆ ಬಡಿಯುತ್ತಾರೆ, ಸದ್ದು ಹೊರಗಿನ ಕಟ್ಟೆಗೂ ಕೇಳುತ್ತದೆ. ಸಮಿತಿಯ ಕಡೆಯಿಂದ ಮುಖ್ಯಮಂತ್ರಿಗಳಿಗೆ ಖಂಡನಾ ಪತ್ರ ಬರೆಯಲು ಕೂತೆ. ‘ಮಾನ್ಯರೇ’ ಎಂದು ಬರೆದು, ಸದ್ದು ಕೇಳುತ್ತ ಕೂತೆ.

19 ಮೇ, ಬುಧವಾರ

ಉಚ್ಚೀರಪ್ಪ ಬಂದಿದ್ದ. ಜಗಳಕ್ಕೆ ಬಂದನೆಂದು ನಾನು ಸಿದ್ಧನಾದೆ. ಅವನು ಬಂದವನೇ ನನ್ನ ಕಾಲು ಮುಟ್ಟಿದ.

“ಬಾವಾ, ಐತವಾರ ನಮ್ಮೂರಾಗ ಬಸ್ಸು ಹೊರಡಸ್ತಾರ. ನೀವು ಬರಲೇಬೇಕು. ಊರೇ ಕೇಳಾಕತ್ತೈತಿ.”

“ನನ್ನನ್ಯಾಕ?”

“ಹಂಗ ಅಂದ್ರ ಹೆಂಗ ಬಾವಾ. ನಿಮ್ಮಂಥ ದೊಡ್ಡ ಮನಸು ಯಾರಿಗೈತಿ?”

ಅಣಕಿಸುತ್ತಿದ್ದಾನೋ ಎಂದು ಮುಖ ನೋಡಿದೆ. ಅಣಕ ಇರಲಿಲ್ಲ. ಅದು ನನಗೆ ಇನ್ನೂ ಭಯ ಹುಟ್ಟಿಸಿತು. ಹೋಗುವುದಿಲ್ಲ ಎಂದೆ. ಬಾಗಿಲ ಮರೆಯಿಂದ ಗಾದಿ, “ಮಾಮಾ, ಬಸ್ಸಿನ್ಯಾಗ ನಾನೂ ಹತ್ತಬೋದಾ?” ಎಂದು ಕೇಳಿದಳು. ಆಮೇಲೆ ಹೋಗದೆ ಇರಲು ಆಗುತ್ತದೆಯೇ?

23 ಮೇ, ಭಾನುವಾರ, ಮದ್ದಿಕೇರ

ಉಚ್ಚೀರಪ್ಪನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಡೋಲು ಬಾರಿಸುತ್ತಿದ್ದಾರೆ. ಕೊರಳಿನಿಂದ ಹಾರ ತೆಗೆದೆ, ಚೆಂಡುಹೂವಿನ ಬಣ್ಣ ಅಂಗಿಗೆ ಹತ್ತಿದೆ, ಹೋಗುವುದಿಲ್ಲ.

ಬಸ್ಸಿಗೆ ಬಾಳೆಕಂಬ ಕಟ್ಟಿದ್ದರು. ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಗಾದಿ ನನ್ನ ಪಕ್ಕದಲ್ಲಿ ನಿಂತಳು. ಊರ ಹಿರಿಯರು ಎದ್ದು ತೆಲುಗಿನಲ್ಲಿ ಮಾತಾಡಿದರು. “ಹೊಳಗುಂದ ಪಂತುಲುಗಾರು”, ಹೊಳಗುಂದದ ಮಾಸ್ತರರು, ಎಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. “ಮಾಕು ತೊಂದರ ಲೇದು ಅನ್ನಾರು” ಎಂದಾಗ ಚಪ್ಪಾಳೆ ಬಿತ್ತು. ಹಾರ ಹಾಕಿದರು. ಪೀರಮ್ಮ ಎಂಬ ಮುದುಕಿ, ತಲೆಯ ಮೇಲಿನ ಗಂಟು ಇಳಿಸದೆಯೇ ನನ್ನ ಗದ್ದ ಮುಟ್ಟಿ ಮುತ್ತಿಟ್ಟುಕೊಂಡಳು. ಆದವಾನಿ ಆಸ್ಪತ್ರೆಯಲ್ಲಿ ಅವಳ ಮಗ ಇದ್ದಾನಂತೆ. ಮೊದಲ ಬಸ್ಸಿಗೇ ಹೋಗುತ್ತಾಳಂತೆ.

“ಏನಂತಾರ ಇವ್ರೆಲ್ಲಾ?” ಎಂದು ಗಾದಿಯನ್ನು ಮೆಲ್ಲಗೆ ಕೇಳಿದೆ.

“ನೀ ಮದ್ದಿಕೇರಕ್ಕ ಬಿಟ್ಟುಕೊಟ್ಟಿ ಅಂತಾರ.”

“ನಾ ಯಾವಾಗ ಬಿಟ್ಟೆ?”

ಅವಳು ನೆಲ ನೋಡಿದಳು. “ತೆಲುಗಿನ್ಯಾಗ ತೊಂದರ ಅಂದ್ರ ಅವಸರ ಅಪ್ಪಾ. ನಮಗ ಅವಸರ ಇಲ್ಲ ಅಂದಂಗಾತು. ಏಡಾದಿ ಅಂದ್ರ ವರ್ಷ. ಮುಂದಿನ ವರ್ಷ ಕೊಟ್ರ ನಡೀತೈತೇನು ಅಂತ ಅವ್ರು ಕೇಳಿದ್ದಕ್ಕ ನೀ ಪರವಾಗಿಲ್ಲ ಅಂದಿಯಂತ. ಮಾಮ ಹೇಳಿದ.”

ಹಾಗಾದರೆ ಉಚ್ಚೀರಪ್ಪ ತನಗೆ ತೊಂದರೆ ಇದೆ ಎಂದು ಅಳಲಿಲ್ಲ, ಬೇಗ ಬೇಕು ಎಂದ. ಕನ್ನಡದಲ್ಲಿ ಕಷ್ಟವಾದದ್ದು ತೆಲುಗಿನಲ್ಲಿ ಆತುರವಾಗಿತ್ತು. ಅಕ್ಕತಂಗಿಯರ ಮನೆಗೆ ಗೋಡೆ ಒಂದೇ ಎಂದಿದ್ದೆನಲ್ಲ, ಆ ಗೋಡೆಗೆ ಹೋಗಿ ಮೂಗು ಜಜ್ಜಿಕೊಂಡೆ.

“ನಿನಗ ಮೊದಲೇ ಗೊತ್ತಿತ್ತೇನು?”

“ಆವತ್ತು ಹೇಳಾಕ ಬಂದೆ. ಮನಿಯಾಗ ತೆಲುಗು ಬ್ಯಾಡ ಅಂದಿ.”

ಬೈದು ಹೇಳಲಿಲ್ಲ. ಅಳುತ್ತಲೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವ ಹಾಗೆ ಹೇಳಿದಳು. ಎರಡು ಮಾತು ಆಡಿ ಎಂದು ಆಗ ನನ್ನನ್ನು ಎಬ್ಬಿಸಿದರು. ಇಷ್ಟು ಜನರ ಎದುರು ಸಿಕ್ಕಿದ ಅವಕಾಶ ಬಿಟ್ಟವನಲ್ಲ ನಾನು. “ನಮಸ್ಕಾರಂ” ಎಂದು ಕೂತುಬಿಟ್ಟೆ. ಎಷ್ಟು ವಿನಯ ಎಂದು ಅದಕ್ಕೂ ಚಪ್ಪಾಳೆ ತಟ್ಟಿದರು.

ಬಸ್ಸು ಹೊರಟಿತು. ಕಿಟಕಿಯಲ್ಲಿ ಪೀರಮ್ಮನ ಗಂಟು ಕಂಡಿತು. ನ್ಯಾಯ ನ್ಯಾಯ ಎಂದು ತಿಂಗಳುಗಟ್ಟಲೆ ಬರೆದೆನಲ್ಲ, ಮದ್ದಿಕೇರದಲ್ಲೂ ಆಸ್ಪತ್ರೆಗೆ ಹೋಗಬೇಕಾದವರು ಇರುತ್ತಾರೆ ಎಂದು ಒಂದು ಸಲವೂ ಬರೆದಿಲ್ಲ. ಆ ಮುದುಕಿಯಿಂದ ಬಸ್ಸು ಕಿತ್ತುಕೊಳ್ಳಬೇಕೆಂದು ನನಗೆ ಅನಿಸುತ್ತಿಲ್ಲ. ಅನಿಸುವುದು ಗಾದಿಯ ಬಗ್ಗೆ ಮಾತ್ರ. ಅವಳ ಓದನ್ನು ಸರಕಾರ ಕಿತ್ತುಕೊಳ್ಳಲಿಲ್ಲ, ಉಚ್ಚೀರಪ್ಪ ಕಿತ್ತುಕೊಳ್ಳಲಿಲ್ಲ. ನಾನು ಕೈ ಚಾಚಿ, ತುಸು ನಕ್ಕು, ಕೊಟ್ಟುಬಿಟ್ಟೆ.

24 ಮೇ, ಸೋಮವಾರ

ಹನುಮಣ್ಣನ ಬಂಡಿಯಲ್ಲಿ ಊರಿಗೆ ಮರಳುವಾಗ ಅವನನ್ನು ಕೇಳಿದೆ. “ನಿನಗ ಅವತ್ತೇ ತಿಳಿದಿತ್ತಲ್ಲ? ಅದಕ್ಕೇ ಕೆಮ್ಮಿದಿ.”

“ನಮ್ಮ ಎತ್ತಿಗೂ ಹೊಟ್ಟಿ ಐತಲ್ರಿ ಮಾಸ್ತರ್ರಿ” ಎಂದ. ಸ್ವಲ್ಪ ದೂರ ಹೋದ ಮೇಲೆ, “ಹುಡುಗಿ ಓದಿನ ಮಾತು ನನಗ ಗೊತ್ತಿರಲಿಲ್ರಿ. ನೀವು ಬಂಗ್ಲೆದಾಗ ಹತ್ತಿ ಮಾತೇ ಆಡಿದ್ರಿ” ಎಂದ.

ಹೌದು. ಹತ್ತಿ ಮಾತೇ ಆಡಿದೆ.

29 ಮೇ, ಶನಿವಾರ

ಅಧಿಕಾರಿ ಮತ್ತೆ ಆದವಾನಿಗೆ ಬಂದಿದ್ದಾರೆಂದು ತಿಳಿದು ಹೋದೆ. ಗಾದಿಯನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳಿಂದ ತೆಲುಗು ಹೇಳಿಸಿಕೊಂಡೆ. ‘ಚೆಪ್ಪು’ ಎಂದರೆ ಹೇಳು, ಚಪ್ಪಲಿಯೂ ಹೌದಂತೆ. ಈ ಭಾಷೆಯಲ್ಲಿ ಬಾಯಿ ತೆರೆಯಲು ನನಗಿದ್ದ ಧೈರ್ಯ ನೆನೆದರೆ ಈಗ ಮೈ ಬೆವರುತ್ತದೆ.

ಬಂಗಲೆಯಲ್ಲಿ ನನ್ನನ್ನು ಗುರುತು ಹಿಡಿದು ಅಧಿಕಾರಿ ಎದ್ದು ನಿಂತರು. ನಾನು ಗಾದಿಯ ಬೆನ್ನ ಮೇಲೆ ಕೈಯಿಟ್ಟೆ. ಅವಳು ಎಲ್ಲ ಹೇಳಿದಳು. ನಮ್ಮಪ್ಪನಿಗೆ ತೆಲುಗು ಸರಿಯಾಗಿ ಬರುವುದಿಲ್ಲ, ತೊಂದರೆ ಇಲ್ಲ ಅಂದದ್ದು ಹೊಲ ಬಿಡುವುದಕ್ಕೆ ಎಂದಳು. ಕಡೆಗೆ, “ನಾಕು ತೊಂದರ ಸಾರ್. ಜೂನ್‌ಲೋ ಬಡಿ ತೆರುಸ್ತಾರು” ಎಂದಳು. ನನಗೆ ಅವಸರ ಇದೆ, ಜೂನಿನಲ್ಲಿ ಶಾಲೆ ತೆರೆಯುತ್ತದೆ.

ಅವರು ಮೊದಲು ನಕ್ಕರು. ಬಹಳ ಹೊತ್ತು ನಕ್ಕರು, ನಾನೂ ಸೇರಿಕೊಂಡೆ. ಆಮೇಲೆ ಅವಳ ಮುಖ ನೋಡಿ ನಿಲ್ಲಿಸಿದರು. ಈ ವರ್ಷದ ಹಣ ಹೋಯಿತಮ್ಮ, ಮುಂದಿನ ವರ್ಷ ಹೊಳಗುಂದದ ಹೆಸರು ಮೊದಲು ಇಡುತ್ತೇನೆ, ಆದರೆ ಕೊಡುವುದು ನಾನೊಬ್ಬನೇ ಅಲ್ಲ ಎಂದರು. ಸುಳ್ಳು ಭರವಸೆ ಕೊಡಲಿಲ್ಲ. ಅದು ನನಗೆ ಹಿಡಿಸಿತು, ಹಿಡಿಸಿ ಏನು ಬಂತು.

ಹೊರಗೆ ಬಂದ ಮೇಲೆ ಗಾದಿ, “ನಮ್ಮಪ್ಪನಿಗೆ ತೆಲುಗು ಬರಂಗಿಲ್ಲ ಅಂದೆ, ಸಿಟ್ಟು ಬಂತೇನು?” ಎಂದು ಕೇಳಿದಳು. ಬರಲಿಲ್ಲ ಎಂದೆ. ಖರ್ಜೂರ ಕೊಡಿಸಿದೆ.

6 ಜೂನ್, ಭಾನುವಾರ

ಶಾಂತಕ್ಕನ ಮುಂದೆ ಕೂತು ಹೇಳಿದೆ. ಬಸ್ಸು ಬರುವುದಿಲ್ಲ, ತಪ್ಪು ನನ್ನದು, ನೀನು ಹೇಳಿದಂತೆ ಓದು ಇಲ್ಲಿಗೇ ಸಾಕು ಎಂದರೆ ನಾನು ಎದುರು ಮಾತಾಡುವುದಿಲ್ಲ ಎಂದೆ.

ಈ ಸಲ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ವಾರಕ್ಕೊಮ್ಮಿ ಮಗಳ ಮುಖ ಕಾಣಬೇಕು ಅಂದೆ. ನಿಮ್ಮನ್ನ ನಾ ಬಸ್ಸು ಕೇಳಿದ್ನೇನ್ರಿ?”

ಅವಳು ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡಳು.

“ನಮ್ಮ ತಮ್ಮನ ಊರಿನ ಬಸ್ಸು ಆಲೂರಿನ ಮ್ಯಾಲೆ ಹೋಗ್ತೈತಿ. ಶನಿವಾರ ಸಾಲಿ ಬಿಟ್ಟ ಕೂಡ್ಲೆ ಹುಲುಗಮ್ಮ ಆಕಿನ್ನ ಹತ್ತಸ್ಲಿ. ಆಲೂರಾಗ ನೀವು ಇಳಿಸ್ಕೊಂಡು ಬರ್ರಿ. ಬಂಡಿ ಹೋದ್ರ ಬಂಡಿ, ಎರಿಯಾಗ ಸಿಕ್ಕೊಂಡ್ರ ನಿಮಗ ಕಾಲಿಲ್ಲೇನು? ಆಂಧ್ರ ಸರಕಾರನ್ನ ಎಬ್ಬಿಸಾಕ ಹೋದೋರಿಗೆ ಆಲೂರಿಗೆ ಹೋಗಾಕ ಆಗಂಗಿಲ್ಲೇನು?”

ಹೋಗುತ್ತೇನೆ ಎಂದೆ. ಗಾದಿ ಮೂಲೆಯಿಂದ ತಾಯಿಗೆ ತೆಲುಗಿನಲ್ಲಿ ಏನೋ ಹೇಳಿದಳು, ತಾಯಿ ತೆಲುಗಿನಲ್ಲೇ ಉತ್ತರ ಕೊಟ್ಟಳು, ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ಏನೆಂದು ಕೇಳಿದೆ. ಹೇಳಲಿಲ್ಲ. ಟ್ರಂಕಿಗೆ ಹೊಸ ಬೇವಿನ ಎಲೆ ನಾನೇ ತಂದು ಹಾಕಿದೆ.

14 ಜೂನ್, ಸೋಮವಾರ

ಗಾದಿಯನ್ನು ಬಿಟ್ಟು ಬಂದೆ.

ಹನುಮಣ್ಣ ತಾನಾಗಿಯೇ ನಸುಕಿನಲ್ಲಿ ಬಂಡಿ ಕಟ್ಟಿಕೊಂಡು ಬಂದಿದ್ದ. ಬಾಡಿಗೆಯ ಮಾತು ಎತ್ತಲಿಲ್ಲ. ಶನಿವಾರ ಆಲೂರಿಗೂ ನಾನೇ ಬರುತ್ತೇನೆ, ನನ್ನ ಎತ್ತಿಗೆ ಎರೆಯ ದಾರಿ ಗೊತ್ತು ಎಂದ. ಶಾಂತಕ್ಕ ಹೊಸ್ತಿಲ ತನಕ ಬಂದಳು, ದಾಟಲಿಲ್ಲ. ಆಲೂರಿನಲ್ಲಿ ಬಂಡಿ ನಿಲ್ಲಿಸಿ ಮದ್ದಿಕೇರದ ಬಸ್ಸು ಹತ್ತಿದೆವು. ಒಳ್ಳೆಯ ಬಸ್ಸು. ಯಾವ ಮರಕ್ಕೂ ನಿಲ್ಲಲಿಲ್ಲ. ಇಷ್ಟು ಬೇಗ ಆದವಾನಿ ಬರಬಾರದಿತ್ತು ಎನಿಸಿತು. ಬಸ್ಸಿಗೆ ವೇಗ ಬೇಕು ಎಂದು ನಾಲ್ಕು ತಿಂಗಳು ಗಂಟಲು ಹರಿದುಕೊಂಡವನಿಗೆ ಇಂಥ ಯೋಚನೆ.

ಹುಲುಗಮ್ಮನ ಮನೆಯ ಬಾಗಿಲಲ್ಲಿ ಟ್ರಂಕು ಇಳಿಸಿದೆ. ಎಣ್ಣೆ ತಲೆಗೆ ಹಾಕಿಕೋ ಎಂದೆ. ಟ್ರಂಕಿನ ಚಿಲಕ ಸಡಿಲ ಇದೆ ಎಂದೆ. ಕನ್ನಡ ಮರೆಯಬೇಡ ಎನ್ನಬೇಕೆಂದು ದಾರಿಯಲ್ಲಿ ಅಂದುಕೊಂಡಿದ್ದೆ, ಮರೆತುಹೋಯಿತು. ಚಿಲಕದ ಮಾತನ್ನೇ ಇನ್ನೊಂದು ಸಲ ಹೇಳಿದೆ.

“ಹೋಗಪ್ಪಾ. ತೊಂದರೆ ಇಲ್ಲ” ಎಂದಳು.

ಯಾವ ಭಾಷೆಯಲ್ಲಿ ಹೇಳಿದಳೋ ಕೇಳಲಿಲ್ಲ. ಅವಳಿಗೆ ಕಷ್ಟವಿಲ್ಲವೋ, ಹಿಂತಿರುಗಿ ಬರಲು ಅವಸರವಿಲ್ಲವೋ. ಬಾಗಿಲು ಮುಚ್ಚುವ ತನಕ ನಿಂತೆ. ಮುಚ್ಚಿದ ಮೇಲೂ ಸ್ವಲ್ಪ ನಿಂತೆ.

ಆಲೂರಿನಿಂದ ಬಂಡಿಯಲ್ಲಿ ಬರುವಾಗ ಮೊದಲ ಹನಿ ಬಿತ್ತು, ಎರೆ ಮಣ್ಣಿನ ವಾಸನೆ ಎದ್ದಿತು. “ಮಾಸ್ತರ್ರಿ, ಮುಂದಿನ ವರ್ಷ ಬಸ್ಸಿನ ಸಮಿತಿ ಮಾಡೋದೇನ್ರಿ?” ಎಂದ ಹನುಮಣ್ಣ. ಮಾಡೋಣ, ಮಾತಾಡುವುದು ಗಾದಿ ಎಂದೆ. ಕಲ್ಲಿನ ಮೇಲೆ ಯಾರ ಹೆಸರು ಇರಬೇಕೆಂದು ಯೋಚಿಸಲಿಲ್ಲ. ಶನಿವಾರದ ತನಕ ಮಳೆ ಜೋರಾಗಿ ಬಾರದಿರಲಿ ಎಂದಷ್ಟೇ ಅಂದುಕೊಂಡೆ.

ಮನೆಗೆ ಬಂದೆ. ಶಾಂತಕ್ಕ ಮೂರು ಜನರ ರೊಟ್ಟಿ ಬಡಿದಿದ್ದಳು. ಇವತ್ತು ಇನ್ನೂ ಸೋಮವಾರ. ನನಗೆ ತೊಂದರೆ ಇದೆ. ಎರಡೂ ಭಾಷೆಯಲ್ಲಿ ಇದೆ.